ಕಾರ್ಬೊರೇಟರ್ ಭಾವ

ಅಡಿಕೆ ತೋಟವಿರುವ ಮಲೆನಾಡಿನ ಊರಿನಲ್ಲೆಲ್ಲ ಇಂಥವರೊಬ್ಬರು ಇದ್ದೇ ಇರುತ್ತಾರೆ. ವರ್ಷವೆಲ್ಲ ಸಾಧುಪ್ರಾಣಿ. ಮೇ ಕೊನೆಗೆ ಯಾರದೋ ಅಂಗಳದಲ್ಲಿ ಔಷಧಿ ಹೊಡೆಯುವ ಎಂಜಿನ್ನಿನ ಹಗ್ಗ ಎಳೆದ ಸದ್ದು ಮೇಲಿಂದ ಮೇಲೆ ಕೇಳಿ, ಪ್ರತಿ ಸಲವೂ ಅದು 'ಪುಸ್' ಎಂದು ಸುಮ್ಮನಾಯಿತೋ, ಪಂಚೆ ಮೇಲೆತ್ತಿ ಕಟ್ಟಿಕೊಂಡು ಬೇಲಿ ದಾಟಿ ಬಂದೇಬಿಡುತ್ತಾರೆ.

"ಎಳೀಬೇಡ ಮಾರಾಯ, ಬಿಡು. ಅದು ಕಾರ್ಬೊರೇಟರ್ರೇ."

ಹಗ್ಗ ತುಂಡಾಗಿ ಹಿಡಿ ಕೈಗೆ ಬಂದರೂ ಕಾರ್ಬೊರೇಟರ್ರೇ. ಮೊದಲು ಕಾರ್ಬೊರೇಟರ್ ಬಿಚ್ಚುವುದು, ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯೋ ಇಲ್ಲವೋ ಎಂದು ಆಮೇಲೆ ನೋಡುವುದು ಭಾವನ ಕ್ರಮ.

ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ಕೋಲ್ಮನ್ ಸಾಹೇಬರು ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಿರಿ ಎಂದು ಹೇಳಿಹೋದರು. ಹೊಡೆಯುವ ಎಂಜಿನ್ನೇ ಏಳದಿದ್ದರೆ ಏನು ಗತಿ ಎಂದು ಹೇಳಲಿಲ್ಲ. ಆ ಕೊರತೆಯನ್ನು ಭಾವ ತುಂಬುತ್ತಾರೆ.

ಸಂಕಟವೇನೆಂದರೆ, ಹೆಚ್ಚಿನ ಸಲ ಅವರು ಹೇಳಿದ್ದೇ ನಿಜ. ಸೆಪ್ಟೆಂಬರಿನಲ್ಲಿ ಕೊನೆಯ ಔಷಧಿ ಮುಗಿಸಿ ಎಂಜಿನ್ನನ್ನು ಕೊಟ್ಟಿಗೆಯ ಮೂಲೆಗೆ ನೂಕಿ ಗೋಣಿ ಹೊದೆಸಿದರೆ, ಒಳಗೆ ಉಳಿದ ಪೆಟ್ರೋಲ್ ಆರುತ್ತ ಆರುತ್ತ ಅಂಟಾಗಿ, ಕೂದಲೆಳೆಗೆ ಮಾತ್ರ ದಾರಿಯಿರುವ ಜೆಟ್ಟಿನ ತೂತನ್ನು ಮುಚ್ಚಿಬಿಡುತ್ತದೆ. ಈಗಂತೂ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್, ಅದು ಗಾಳಿಯ ತೇವವನ್ನೂ ಹೀರಿಕೊಳ್ಳುತ್ತದೆ. ಇಡುವಾಗಲೇ ಪೆಟ್ರೋಲ್ ಕಾಕ್ ಬಂದ್ ಮಾಡಿ, ತಾನಾಗಿ ನಿಲ್ಲುವ ತನಕ ಓಡಿಸಿದ್ದರೆ ಮುಗಿಯಿತು. ಇದು ಭಾವನಿಗೆ ಚೆನ್ನಾಗಿ ಗೊತ್ತು. ಹೇಳುವುದಿಲ್ಲ. ಹೇಳಿದರೆ ಬರುವ ಮೇ ತಿಂಗಳಲ್ಲಿ ಅವರೇನು ಮಾಡಬೇಕು?

ಅಡಿಕೆ ಹಾಳೆಯ ಮೇಲೆ ಫ್ಲೋಟು, ಸೂಜಿ, ಜೆಟ್ಟು ಸಾಲಾಗಿ ಮಲಗುತ್ತವೆ. ಬೈಕಿನ ಹಳೇ ಕ್ಲಚ್ ಕೇಬಲ್ಲಿನ ಒಂದೆಳೆಯನ್ನು ತೂತಿಗೆ ತೂರಿಸಿ, ಕೆನ್ನೆಯುಬ್ಬಿಸಿ ಊದಿ, ಬಾಯಿಗೆ ಬಂದ ಪೆಟ್ರೋಲನ್ನು ದಾಸವಾಳದ ಬುಡಕ್ಕೆ ಉಗಿದು, ಒಂದು ಕಣ್ಣು ಮುಚ್ಚಿ ಜೆಟ್ಟನ್ನು ಸೂರ್ಯನಿಗೆ ಹಿಡಿಯುತ್ತಾರೆ. ತಾವೊಬ್ಬರೇ ನೋಡಿದರೆ ಸಾಲದು, ಮನೆಮಂದಿಯೆಲ್ಲ ನೋಡಬೇಕು. "ಬೆಳಕು ಕಂಡ್ತಾ?" ಕಣ್ಣಿನ ಪೊರೆ ಬಲಿತ ಅಜ್ಜಿಯೂ "ಕಂಡ್ತು, ಕಂಡ್ತು" ಎಂದು ಒಳಗೆ ನಡೆಯುತ್ತಾರೆ. ಅಷ್ಟರಲ್ಲಿ ಹಳೇ ಪ್ಯಾಕಿಂಗ್ ಹರಿದಿರುತ್ತದೆ. ಮೇಜಿನ ಮೇಲಿದ್ದ ಮದುವೆ ಕಾಗದ ಕತ್ತರಿಸಿ ಹೊಸದು ತಯಾರು. ಆ ಮದುವೆ ಇನ್ನೂ ಆಗಿರಲಿಲ್ಲ. ಯಾವ ಛತ್ರ, ಎಷ್ಟು ಹೊತ್ತಿಗೆ ಎಂಬುದೆಲ್ಲ ಈಗ ಕಾರ್ಬೊರೇಟರಿನೊಳಗೆ.

ಇದಕ್ಕೆಲ್ಲ ಭಾವ ಚಿಕ್ಕಾಸೂ ತೆಗೆದುಕೊಳ್ಳುವವರಲ್ಲ. ಎರಡು ಚಾ, ತಿಂಡಿ, ಊಟ, ಊಟದ ಮೇಲೆ ಕವಳ, ಅಷ್ಟೇ.

ಊಟ ಮುಗಿಸಿ ಹಗ್ಗ ಎಳೆದರೆ ಒಂದೇ ಎಳೆತಕ್ಕೆ ಎಂಜಿನ್ ಎದ್ದಿತು! ಅಂಗಳದಲ್ಲಿದ್ದವರೆಲ್ಲ ನಕ್ಕರು, ಭಾವನೊಬ್ಬರನ್ನು ಬಿಟ್ಟು. ಓಡುವ ಎಂಜಿನ್ ಕಂಡರೆ ಅವರ ಮುಖ ಬಾಡುತ್ತದೆ. ತಲೆ ವಾರೆ ಮಾಡಿ ಕೇಳಿಸಿಕೊಂಡು, ಬಂದ್ ಮಾಡಿಯೇಬಿಟ್ಟರು. "ಸೌಂಡು ಸರಿ ಇಲ್ಲ. ಇನ್ನೊಂದ್ಸಲ ಬಿಚ್ಚುವ."

ಮರ ಹತ್ತಿ ಔಷಧಿ ಹೊಡೆಯಬೇಕಾದ ಕೊನೆಗೌಡ ಬೆಳಗಿನಿಂದ ಜಗಲಿಯಲ್ಲೇ ಕುಳಿತಿದ್ದಾನೆ. ಹೆಣ್ಣು ಸಿಕ್ಕರೂ ಕೊನೆಗೌಡ ಸಿಗದ ಕಾಲ ಇದು; ನಾಳೆ ಅವನು ಬೇರೆಯವರ ತೋಟಕ್ಕೆ. 100 ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣದ ಲೆಕ್ಕದಲ್ಲಿ ಕಲಸಿಟ್ಟ ಔಷಧಿ ಇವತ್ತೇ ಖರ್ಚಾಗಬೇಕು. ಪಡುವಣದಲ್ಲಿ ಮೋಡ ಬೇರೆ ಕಟ್ಟುತ್ತಿದೆ.

ಭಾವ ಕವಳ ಉಗಿಯಲು ಅತ್ತ ಹೋದದ್ದೇ ತಡ, ಕೊನೆಗೌಡ ಎದ್ದು ಹತ್ತು-ಹನ್ನೊಂದರ ಸ್ಪ್ಯಾನರನ್ನು ಎತ್ತಿ ಬೋರ್ಡೋ ಡ್ರಮ್ಮಿನೊಳಗೆ ಬಿಟ್ಟ. ಆಮೇಲೆ ಏನೂ ಅರಿಯದವನಂತೆ ಬಂದು ಹಗ್ಗ ಎಳೆದ.