ಮರಳಿದೆ, ಸಮುದ್ರ ಬೇಕಾಗಿದೆ

(ಬಂಗಾರಪೇಟೆ. ಸಂಜೆ ಹೊತ್ತು, ಪಾನಿಪುರಿ ಗಾಡಿಯ ಮುಂದೆ ಅಪ್ಪ, ಅಮ್ಮ, ಪುಟ್ಟಿ. ಪಕ್ಕದ ಸ್ಟೂಲಿನ ಮೇಲೆ ಚಿನ್ನದ ಗಣಿಯಲ್ಲಿ ದುಡಿದು ನಿವೃತ್ತರಾದ ತಾತ.)

ಅಪ್ಪ: ದಸರಾ ರಜೆಗೆ ಎಲ್ಲಾ ಸಮುದ್ರಕ್ಕೆ ಹೋಗೋಣ. ತೀರ್ಮಾನ ಆಗೋಯ್ತು.

ಅಮ್ಮ: ಹೋದ ವರ್ಷಾನೂ ಸಮುದ್ರ ಅಂದ್ಬಿಟ್ಟು ಕೆಜಿಎಫ್‌ನ ಸೈನೈಡ್ ದಿಬ್ಬ ಹತ್ತಿಸಿದ್ರಿ.

ಅಪ್ಪ: ಮರಳಿರಲಿಲ್ವಾ? ಗಾಳಿ ಬೀಸಲಿಲ್ವಾ? ಯಶ್ ಸಿನಿಮಾನೇ ಅಲ್ಲಿ ತೆಗೆದವ್ರೆ!

ಅಮ್ಮ: ಯಶ್ ಬಟ್ಟೆ ಒಗೆಯೋಕೆ ಬೇರೆ ಜನ ಇರ್ತಾರೆ. ನನ್ನ ಸೀರೆ ನೆರಿಗೆಯಿಂದ ಆ ಧೂಳು ಯುಗಾದಿವರೆಗೂ ಉದುರ್ತಿತ್ತು.

ಪುಟ್ಟಿ: ಅಪ್ಪಾ, ಗೋವಾಗೆ ಹೋಗೋಣ?

ಅಪ್ಪ: (ಜೇಬು ಮುಟ್ಟಿ ನೋಡಿಕೊಂಡು) ದೂರ ಆಗುತ್ತಮ್ಮ.

ಪುಟ್ಟಿ: ಗೋಕರ್ಣ?

ಅಪ್ಪ: ಅದು ಆ ಮೂಲೆ, ನಾವು ಈ ಮೂಲೆ. ನಮಗೆ ಹತ್ತಿರ ಅಂದ್ರೆ ಮದ್ರಾಸೇ. ಇಲ್ಲೇ ಬೆಳಿಗ್ಗೆ ರೈಲು ಹತ್ತಿದ್ರೆ ಮಧ್ಯಾಹ್ನಕ್ಕೆ ಅಲ್ಲಿ. ಸಾಯಂಕಾಲ ಮರೀನಾ ಮರಳಲ್ಲಿ ನಡೀತಾ, ಸೂರ್ಯ ನೀರಲ್ಲಿ ಮುಳುಗೋದು ನೋಡ್ತಾ...

ಪುಟ್ಟಿ: ಅಲ್ಲಿ ಸಮುದ್ರ ಇರೋದು ಪೂರ್ವಕ್ಕೆ. ಸೂರ್ಯ ಮುಳುಗೋದು ನಮ್ಮ ಬೆನ್ನ ಹಿಂದೆ, ಟ್ರಿಪ್ಲಿಕೇನ್ ಮನೆಗಳ ಮೇಲೆ.

ಅಪ್ಪ: ಹಂಗಾದ್ರೆ ಹುಟ್ಟೋದು ನೋಡೋಣ, ಏನೀಗ?

ಅಮ್ಮ: ನೀವು ಎದ್ದು ಹಲ್ಲುಜ್ಜೋ ಹೊತ್ತಿಗೆ ಸೂರ್ಯ ಮದ್ರಾಸ್ ಬಿಟ್ಟು ಕೋಲಾರ ದಾಟಿರ್ತಾನೆ.

ತಾತ: ನಾನಂತೂ ಬರಲ್ಲಪ್ಪ.

ಅಮ್ಮ: ಯಾಕೆ ಮಾವ?

ತಾತ: ಸಮುದ್ರದಲ್ಲಿ ಏನೈತೆ? ಆಳ ತಾನೆ? ನಮ್ಮ ಚಾಂಪಿಯನ್ ರೀಫ್ ಗಣಿ 3,200 ಮೀಟರ್ ಇಳಿದಿತ್ತು.

ಪುಟ್ಟಿ: ತಾತಾ, ಬಂಗಾಳ ಕೊಲ್ಲಿಯ ಸರಾಸರಿ ಆಳ ಸುಮಾರು 2,600 ಮೀಟರ್ ಅಷ್ಟೇ!

ತಾತ: ನೋಡು ಮತ್ತೆ! ಸಮುದ್ರ ನಮಗಿಂತ ಚಿಕ್ಕದು. ಅದೇ ಬಂದು ನನ್ನ ನೋಡ್ಕೊಂಡು ಹೋಗ್ಲಿ.

ಅಪ್ಪ: ಅದೆಂಥ ಲೆಕ್ಕ? ಕೆಜಿಎಫ್ ಇರೋದೇ ಸಮುದ್ರಮಟ್ಟಕ್ಕಿಂತ ಸುಮಾರು 850 ಮೀಟರ್ ಮೇಲೆ. ಅದನ್ನ ಕಳೀಬೇಕು.

ಪುಟ್ಟಿ: ಕಳೆದ್ರೂ 2,350. ಗಣಿಯ ತಳ ಸಮುದ್ರಮಟ್ಟಕ್ಕಿಂತ ಎರಡು ಕಿಲೋಮೀಟರಿಗೂ ಕೆಳಗೆ!

ಅಪ್ಪ: ಅಷ್ಟು ಕೆಳಗಿಳಿದ್ರೂ ನೆನೀಲಿಲ್ವಲ್ಲ ನೀನು.

ತಾತ: ಯಾರು ಹೇಳಿದ್ದು? ಆಳದಲ್ಲಿ ಬಂಡೆ ಶಾಖ 60 ಡಿಗ್ರಿ ದಾಟ್ತಿತ್ತು. ತಣ್ಣನೆ ಗಾಳಿ ಬಿಟ್ರೂ ಮೈಯೆಲ್ಲ ತೊಪ್ಪೆ. ಅದೂ ಉಪ್ಪುನೀರೇ. 2001ರಲ್ಲಿ ಗಣಿ ಮುಚ್ಚೋವರೆಗೂ ನಂದು ಶಿಫ್ಟಿಗೊಂದು ಸಮುದ್ರಸ್ನಾನ. ಅದಕ್ಕೆ ಸಂಬಳ ಬೇರೆ ಕೊಡ್ತಿದ್ರು!

ಅಪ್ಪ: ನೋಡೋಕೆ ಬಾರಪ್ಪ. ನಮ್ಮ ಬೇತಮಂಗಲದ ಪಾಲಾರ್ ನೀರು ಕೊನೆಗೆ ಸೇರೋದು ಅದೇ ಬಂಗಾಳ ಕೊಲ್ಲಿಗೆ.

ಅಮ್ಮ: ನಮ್ಮನೆ ನಲ್ಲಿಗೆ ಬಾರದ ನೀರು ನೋಡೋಕೆ ನಾವು ಟಿಕೆಟ್ ತಗೊಂಡು ಹೋಗ್ಬೇಕಾ?

ಪುಟ್ಟಿ: ಅಲ್ಲಿ ಸುಂಡಲ್ ಸಿಗುತ್ತಮ್ಮ, ಮೆಣಸಿನಕಾಯಿ ಬಜ್ಜಿ, ಕರಿದ ಮೀನು...

ಪಾನಿಪುರಿಯವನು: ಎಲ್ಲಾ ಸಿಗುತ್ತೆ, ಬಂಗಾರಪೇಟೆ ಪಾನಿ ಸಿಗಲ್ಲ. ಬೇರೆ ಕಡೆ ಹಸಿರು ಪಾನಿ, ಖಾರ ಅಂತ ದೂರದಿಂದ್ಲೇ ಗೊತ್ತಾಗುತ್ತೆ. ನಮ್ದು ನೋಡಿ, ಕುಡಿಯೋ ನೀರಿನಂಗೆ ತಿಳಿ.

(ಪುಟ್ಟಿ ಕುಡಿಯೋ ನೀರೇ ಅಂದುಕೊಂಡು ಲೋಟ ಎತ್ತಿ ಗಟಗಟ ಕುಡಿಯುತ್ತಾಳೆ.)

ಪುಟ್ಟಿ: ಹಾ! ಹಾ! ಅಮ್ಮಾ, ಕಣ್ಣು, ಮೂಗು ಎಲ್ಲಾ ನೀರು!

ತಾತ: ಉಪ್ಪುಪ್ಪಗೈತಾ?

ಪುಟ್ಟಿ: ಹೂಂ ತಾತಾ!

ಅಪ್ಪ: ಇವಳದ್ದೂ ಸಮುದ್ರ ಆಯ್ತು. ಟಿಕೆಟ್ ದುಡ್ಡು ಉಳೀತು!

ಅಮ್ಮ: ಏನೂ ಉಳೀಲಿಲ್ಲ. ನಂದಿನ್ನೂ ಆಗಿಲ್ಲ. ನಾಲ್ಕು ಟಿಕೆಟ್ ತೆಗೀರಿ, ಮಾವಾನೂ ಬರ್ತಾರೆ.

ತಾತ: ನಾನ್ಯಾಕಮ್ಮ?

ಅಮ್ಮ: ಮರೀನಾದಲ್ಲಿ ಚೌಕಾಸಿ ಮಾಡೋಕೆ ತಮಿಳು ಬೇಕು. ನಮ್ಮನೇಲಿ ಅದು ಬರೋದು ನಿಮಗೊಬ್ರಿಗೇ.

ತಾತ: ಬರೋದೇನೋ ಬರುತ್ತೆ, ಗಣಿಯೊಳಗೆ ಕಲ್ತಿದ್ದು. ಆದ್ರೆ ಅದರಲ್ಲಿ ಅರ್ಧ ಬೈಗುಳವೇ.

ಅಮ್ಮ: ಚೌಕಾಸಿಗೆ ಆ ಅರ್ಧಾನೇ ಸಾಕು ಮಾವ.