ಕುರ್ಚಿಯ ಹಿಂದೆ ನಿಂತವರು

ಮಸಾಲೆದೋಸೆ ತಿನ್ನುತ್ತಿರುವವನ ಕುರ್ಚಿಯ ಹಿಂದೆ ನಿಂತು, ಅವನು ಯಾವಾಗ ಏಳುತ್ತಾನೋ ಎಂದು ಕಾಯುವುದೂ ಒಂದು ವಿದ್ಯೆ. ನನಗೆ ಅದನ್ನು ಕಲಿಸಿದವರು ಅಪ್ಪ. ಕಲಿತ ಜಾಗ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ, ಆಗ ನನಗೆ ಎಂಟೋ ಒಂಬತ್ತೋ ವರ್ಷ. ಕುರ್ಚಿಗೆ ತೀರಾ ಹತ್ತಿರ ನಿಂತರೆ ಕೂತವನಿಗೆ ಕತ್ತಿನ ಹಿಂದೆ ಉಸಿರು ತಾಗಿ ರೇಗುತ್ತದೆ. ರೇಗಿದವನು ಬೇಕೆಂತಲೇ ಇನ್ನೊಂದು ಕಾಫಿ ಹೇಳುತ್ತಾನೆ. ದೂರ ನಿಂತರೆ ನಡುವೆ ಬೇರೆ ಯಾರೋ ನುಗ್ಗುತ್ತಾರೆ. ಆದ್ದರಿಂದ ಮೊಳದಷ್ಟು ಜಾಗ ಬಿಟ್ಟು, ಗೋಡೆ ನೋಡುತ್ತಿರುವವರ ಹಾಗೆ ಮುಖ ಮಾಡಿಕೊಂಡು, ಓರೆಗಣ್ಣಲ್ಲಿ ಮಾತ್ರ ತಟ್ಟೆಯನ್ನು ಗಮನಿಸುತ್ತಿರಬೇಕು.

ಯಾವ ಕುರ್ಚಿ ಹಿಡಿಯಬೇಕು ಎನ್ನುವುದಕ್ಕೂ ಅಪ್ಪನ ಹತ್ತಿರ ಶಾಸ್ತ್ರವಿತ್ತು. "ಇಬ್ಬರು ಸ್ನೇಹಿತರು ಕೂತಿರೋ ಕಡೆ ಹೋಗ್ಬೇಡ. ಸೈಟು, ಸಂಬಂಧ, ಪ್ರಮೋಷನ್ನು, ಎಲ್ಲಾ ಮುಗಿಯೋ ಹೊತ್ತಿಗೆ ಹೋಟ್ಲು ಬಾಗಿಲು ಹಾಕಿರುತ್ತೆ. ಪೇಪರ್ ಹಿಡಿದಿರೋನ ಹತ್ರ ಅಂತೂ ಸುಳೀಲೇಬೇಡ. ಒಬ್ಬನೇ ಕೂತು ಗಡಿಯಾರ ನೋಡ್ತಾ ತಿಂತಿರ್ತಾನಲ್ಲ, ಅವನ ಹಿಂದೆ ನಿಂತ್ಕೋ." ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಅವರು ಕಲಿಸಿದ ಬೀಜಗಣಿತವೆಲ್ಲ ಮರೆತುಹೋಗಿದೆ, ಇದೊಂದು ಸೂತ್ರ ಮಾತ್ರ ಇವತ್ತಿಗೂ ತಪ್ಪಿಲ್ಲ.

ನಿಂತಷ್ಟು ಹೊತ್ತೂ ಪರೀಕ್ಷೆ. ಪರರ ದೋಸೆ ಕಣ್ಣೆದುರೇ ಕರಗುತ್ತಿರುತ್ತದೆ. ಕೆಂಪಗೆ, ಅಂಚು ಗರಿಯಾಗಿ, ಒಳಗಿನ ಆಲೂಗೆಡ್ಡೆ ಪಲ್ಯದ ಹಳದಿ ಇಣುಕುತ್ತಾ. ಸಪ್ಲೈಯರು ಒಳಗಿಂದ ಬರುವಾಗ ತೋಳಿನುದ್ದಕ್ಕೂ ತಟ್ಟೆಯ ಮೇಲೆ ತಟ್ಟೆ, ಪ್ರತಿ ತಟ್ಟೆಯಲ್ಲೂ ದೋಸೆ. ನಾನು ಎಣಿಸಲು ಶುರುಮಾಡಿ ಹನ್ನೆರಡಕ್ಕೆ ಬರುವಷ್ಟರಲ್ಲಿ ಅವರು ಅದನ್ನು ಇಸ್ಪೀಟಿನ ಎಲೆಯಂತೆ ಹಂಚಿ ಮುಗಿಸಿರುತ್ತಿದ್ದರು. ಹಿಂದೆಯೇ ಚಟ್ನಿ ಬರುತ್ತಿತ್ತು. ಅಲ್ಲಿ ಚಟ್ನಿಯೆಂದರೆ ನೆಂಚಿಕೊಳ್ಳುವುದಲ್ಲ, ಸುರಿಸಿಕೊಳ್ಳುವುದು.

1943ರಲ್ಲಿ ವಿದ್ಯಾರ್ಥಿಗಳಿಗೆಂದು ಶುರುವಾದ ಹೋಟೆಲು ಅದು. ಅಲ್ಲಿ ನಾನು ಕಂಡ ಗಿರಾಕಿಗಳಲ್ಲಿ ಹೆಚ್ಚಿನವರು ಓದು ಮುಗಿಸಿ ಮೂವತ್ತು ವರ್ಷವಾದವರು. ಶುಕ್ರವಾರ ರಜ. ರಜವೆಂದು ಗೊತ್ತಿದ್ದೂ ಶುಕ್ರವಾರ ಬಾಗಿಲ ತನಕ ಹೋಗಿ, ಬೀಗ ನೋಡಿ, "ಓ, ಇವತ್ತು ಶುಕ್ರವಾರ ಅಲ್ವಾ" ಎಂದು ವಾಪಸು ಬರುವುದು ಬಸವನಗುಡಿಯ ಸಂಪ್ರದಾಯಗಳಲ್ಲೊಂದು. ನಿಸಾರ್ ಅಹಮದರು ತಮ್ಮ ಕವನ ಸಂಕಲನಕ್ಕೆ 'ಮನಸು ಗಾಂಧಿಬಜಾರು' ಎಂದು ಹೆಸರಿಟ್ಟಾಗ ಅವರ ಮನಸ್ಸಿನಲ್ಲಿ ಏನಿತ್ತೋ, ಆ ಹೆಸರು ಕೇಳಿದರೆ ನನ್ನ ಮನಸ್ಸಿಗಂತೂ ಹಬೆಯಾಡುವ ಕಾವಲಿಯೇ ಬರುತ್ತದೆ.

ಈ ವಿದ್ಯಾಭ್ಯಾಸವೆಲ್ಲ ಗುಟ್ಟಿನಲ್ಲಿ ನಡೆಯುತ್ತಿತ್ತು. ನಮ್ಮ ಮನೆಯಲ್ಲಿ ಹೋಟೆಲ್ ತಿಂಡಿ ಎಂದರೆ ಹೊಟ್ಟೆಗೆ ಕೇಡು, ದುಡ್ಡಿಗೆ ದಂಡ, ಅಮ್ಮನಿಗೆ ಅವಮಾನ. "ಮನೇಲಿ ದೋಸೆ ಮಾಡಿ ಹಾಕಲ್ವಾ ನಾನು?" ಎನ್ನುವ ಪ್ರಶ್ನೆಗೆ ಗಣಿತದ ಮೇಷ್ಟ್ರ ಬಳಿಯೂ ಉತ್ತರವಿರಲಿಲ್ಲ. ಹಾಗಾಗಿ ನಾವು ತಿಂಗಳಿಗೊಂದು ಶನಿವಾರ "ಲೈಬ್ರರಿಗೆ" ಹೋಗುತ್ತಿದ್ದೆವು. ಬರುವಾಗ ಸಾಕ್ಷಿಗೆಂದು ಒಂದು ಪುಸ್ತಕವನ್ನೂ ತರುತ್ತಿದ್ದೆವು. ಅಮ್ಮ ಪುಸ್ತಕದ ಕಡೆ ನೋಡುತ್ತಲೂ ಇರಲಿಲ್ಲ, "ಎಲ್ಲಿ, ಕೈ ತೋರಿಸು" ಎಂದು ನನ್ನ ಬಲಗೈ ಮೂಸುತ್ತಿದ್ದಳು. ಸೋಪು ಹಾಕಿ ತೊಳೆದರೂ ಹೋಗದ ತುಪ್ಪದ ವಾಸನೆ. ಬೈಗುಳವಿಲ್ಲ, ವಿಚಾರಣೆಯಿಲ್ಲ. ರಾತ್ರಿ ಊಟಕ್ಕೆ ಕೂತಾಗ ಇಬ್ಬರ ತಟ್ಟೆಗೂ ಅರ್ಧರ್ಧ ಸೌಟು ಅನ್ನ ಬೀಳುತ್ತಿತ್ತು, ಅಷ್ಟೇ. ಅಪ್ಪ ತಲೆಯೆತ್ತದೆ ಉಣ್ಣುತ್ತಿದ್ದರು.

ಇದಕ್ಕೊಂದು ಅಪವಾದವಿತ್ತು. ಜ್ವರ ಬಿಟ್ಟ ದಿನ ಹೋಟೆಲಿನ ಇಡ್ಲಿಯೇ ಔಷಧಿಯಾಗುತ್ತಿತ್ತು. ಅಮ್ಮನೇ ಟಿಫಿನ್ ಕ್ಯಾರಿಯರ್ ಬೇಡವೆಂದು, "ಎಲೇಲೇ ಕಟ್ಟಿಸಿಕೊಂಡು ಬನ್ನಿ" ಎಂದು ಅಪ್ಪನನ್ನು ಅಟ್ಟುತ್ತಿದ್ದಳು. ಒಳಗೆ ಬಾಳೆ ಎಲೆ, ಹೊರಗೆ ಹಳೇ ಪೇಪರು, ಮೇಲೆ ಬಿಳಿ ದಾರ. ಬಿಚ್ಚಿದರೆ ಬಾಡಿದ ಎಲೆ, ಬಿಸಿ ಇಡ್ಲಿ, ಒದ್ದೆ ಕಾಗದ ಮೂರೂ ಸೇರಿದ ಒಂದು ಘಮ. ಅದನ್ನು ನಾನು ಮತ್ತೆಲ್ಲೂ ಕಂಡಿಲ್ಲ. ತಿಂದಮೇಲೆ ಓದುವುದಕ್ಕೆ ಪೇಪರೂ ಆಯಿತು, ಆದರೆ ಯಾವ ಸುದ್ದಿಯೂ ಪೂರ್ತಿ ಇರುತ್ತಿರಲಿಲ್ಲ. ಎಷ್ಟೋ ಅಪರಾಧಿಗಳು ಸಿಕ್ಕರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಅಮ್ಮ ಮಾತ್ರ ಹೋಟೆಲಿನ ಹೊಸಿಲು ತುಳಿದವಳಲ್ಲ. ಅವಳ ತಿರುಗಾಟವೆಂದರೆ ಮಂಗಳವಾರ ಪಕ್ಕದ ಮನೆಯವರ ಜೊತೆ ದೊಡ್ಡ ಗಣಪತಿ ಗುಡಿ. ಬಂದವಳು ರಾತ್ರಿ ಊಟ ಬೇಡವೆನ್ನುತ್ತಿದ್ದಳು. ಪ್ರಸಾದ ಜಾಸ್ತಿಯಾಯಿತಂತೆ.

ಕುರ್ಚಿ ಸಿಕ್ಕಮೇಲೆ ಎರಡನೆಯ ಅಧ್ಯಾಯ: ಎದುರು ಕೂತವರು. ನಮ್ಮ ಹೋಟೆಲುಗಳಲ್ಲಿ ಟೇಬಲ್ಲು ಯಾರ ಸ್ವತ್ತೂ ಅಲ್ಲ. ಎದುರಿಗೆ ಯಾರು ಬಂದು ಕೂರುತ್ತಾರೋ ಅವರು ಆ ಹೊತ್ತಿನ ನಂಟರು. ಅವರ ಕಾಫಿಗೆ ಸಕ್ಕರೆ ಕಮ್ಮಿಯೋ ಜಾಸ್ತಿಯೋ ತಿಳಿಯುತ್ತದೆ, ಹೆಸರು ಮಾತ್ರ ತಿಳಿಯುವುದಿಲ್ಲ. ನಾನು ತಿಂದ ಒಳ್ಳೆಯ ಊಟಗಳನ್ನು ನೆನೆಯಲು ಕೂತರೆ ನಾಲಿಗೆಗಿಂತ ಮೊದಲು ಈ ಹೆಸರಿಲ್ಲದ ನಂಟರೇ ಬಂದು ನಿಲ್ಲುತ್ತಾರೆ.

ಹುಬ್ಬಳ್ಳಿಯ ಒಂದು ಖಾನಾವಳಿ. ನಾನು ಆಫೀಸಿನ ಕೆಲಸದ ಮೇಲೆ ಹೋಗಿದ್ದವನು. ಮುಂದೆ ತಟ್ಟೆ ಬಂತು: ಜೋಳದ ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮಡಿಕೆ ಕಾಳಿನ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಸಿಪ್ಪೆಯ ಸಮೇತ ಒಂದು ಇಡೀ ಈರುಳ್ಳಿ. ಈರುಳ್ಳಿಯನ್ನು ಏನು ಮಾಡಬೇಕೆಂದು ತಿಳಿಯದೆ ತಟ್ಟೆಯ ಅಂಚಿಗೆ ಸರಿಸಿ ಕೂತೆ. ಎದುರಿಗೆ ಧೋತ್ರ ಉಟ್ಟ ಹಿರಿಯರೊಬ್ಬರು ನನ್ನನ್ನೇ ನೋಡುತ್ತಿದ್ದರು.

"ಬೆಂಗಳೂರ ಕಡಿಯವ್ರೇನ್ರೀ?"

"ಹೌದು. ಹೇಗೆ ಗೊತ್ತಾಯ್ತು?"

"ಉಳ್ಳಾಗಡ್ಡಿಗೆ ಅಂಜಿ ಕುಂತೀರಲ್ರೀ."

ಹೀಗೆಂದವರೇ ನನ್ನ ಈರುಳ್ಳಿಯನ್ನು ತೆಗೆದು ಟೇಬಲ್ಲಿನ ಮೇಲಿಟ್ಟು, ಮುಷ್ಟಿ ಬಿಗಿದು ಒಂದೇ ಗುದ್ದು ಹಾಕಿದರು. ಟೇಬಲ್ಲಿನ ಮೇಲಿದ್ದ ನಾಲ್ಕು ಲೋಟವೂ ನೆಗೆದವು. ಈರುಳ್ಳಿ ಹೂವಿನಂತೆ ಬಿರಿದಿತ್ತು. "ಚಾಕು ಹಚ್ಚಿದ್ರ ಖಾರ ಆಗ್ತದ್ರೀ, ಗುದ್ದಿದ್ರ ಸೀ" ಎಂದರು. ಚಾಕು ತಾಗಿಸಿದರೇನು, ಗುದ್ದಿದರೇನು, ಎರಡರಲ್ಲೂ ಈರುಳ್ಳಿಯ ಜೀವಕೋಶ ಒಡೆದು ಕಣ್ಣುರಿಸುವ ರಸ ಹೊರಬರಲೇಬೇಕು ಎಂದು ಆಮೇಲೆ ಓದಿಕೊಂಡಿದ್ದೇನೆ. ಆದರೆ ಅವತ್ತು ಅದು ಸಿಹಿಯಾಗಿಯೇ ಇತ್ತು. ಆಮೇಲೆ ಹಿಂಡಿಯ ನಡುವೆ ಬೆರಳಿನಿಂದ ಗುಳಿ ಮಾಡಿ, ಎಣ್ಣೆ ಬಿಡಿಸಿ, ಮೊಸರು ಕಲಸುವುದನ್ನೂ ತೋರಿಸಿಕೊಟ್ಟರು. ಒಳಗೆ ರೊಟ್ಟಿ ಬಡಿಯುವ ಸದ್ದು ನಿಲ್ಲದೆ ಕೇಳುತ್ತಿತ್ತು. ನಾನು ಎರಡಕ್ಕೇ ಸಾಕೆಂದಾಗ ಬಡಿಸುವ ಹುಡುಗ ನನ್ನನ್ನು ಬಿಟ್ಟು ಅವರ ಮುಖ ನೋಡಿದ. ಅವರು ಕಣ್ಣಲ್ಲೇ ಏನೋ ಹೇಳಿದರು. ಮೂರನೆಯದೂ ಬಿತ್ತು, ನಾಲ್ಕನೆಯದೂ ಬಿತ್ತು.

ಮುಂಬೈ ಮಾಟುಂಗಾದ್ದು ಇನ್ನೊಂದು ಕಥೆ. ಸ್ಟೇಷನ್ನಿನ ಹತ್ತಿರ, ಮಹಡಿಯ ಮೇಲೆ, ಎ. ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. 1942ರಿಂದ ಎಲೆಯೂಟ ಹಾಕುತ್ತಿರುವ ಜಾಗ. ಕರಾವಳಿಯಿಂದ ಕೈಬೀಸಿಕೊಂಡು ಹೋದವರು ಅಡುಗೆಯನ್ನೇ ಬಂಡವಾಳ ಮಾಡಿ ಆ ಬಡಾವಣೆಯನ್ನೇ ಘಮಘಮ ಅನ್ನಿಸಿಬಿಟ್ಟಿದ್ದಾರೆ. ನನ್ನ ಎದುರಿಗೆ ಕೂತಿದ್ದವರು ಗುಜರಾತಿ ಅಜ್ಜ. ನನ್ನದು ಕನ್ನಡ ಎಂದು ತಿಳಿದ ಕೂಡಲೇ ಅವರ ಮುಖ ಅರಳಿತು. ತಮಗೂ ಕನ್ನಡ ಬರುತ್ತದೆ ಎಂದರು. ಬರುತ್ತಿದ್ದದ್ದು ನಾಲ್ಕೇ ಮಾತು: ಸಾರು, ಪಲ್ಯ, ಮಜ್ಜಿಗೆ, ಸಾಕು. ವರ್ಷಾನುಗಟ್ಟಲೆ ಅಲ್ಲಿ ಉಂಡು ಕಲಿತದ್ದಂತೆ. "ಇದರಲ್ಲಿ ಮೂರು ಕೆಲಸಕ್ಕೆ ಬರುತ್ತವೆ. ನಾಲ್ಕನೆಯದನ್ನು ಎಷ್ಟು ಸಲ ಹೇಳಿದರೂ ಬಡಿಸುವವರು ಕೇಳಿಸಿಕೊಳ್ಳುವುದಿಲ್ಲ" ಎಂದು ಹಿಂದಿಯಲ್ಲಿ ದೂರು ಹೇಳಿ, ಎಲೆ ಮಡಚಿ ಎದ್ದರು. ಅವರು ಪೂರ್ತಿ ಏಳುವ ಮೊದಲೇ ಇನ್ನೊಬ್ಬರು ಅರ್ಧ ಕೂತಾಗಿತ್ತು. ಅಪ್ಪನ ಸೂತ್ರ ಗೊತ್ತಿದ್ದವರು ಅಲ್ಲಿಯೂ ಇದ್ದಾರೆ ಅನ್ನಿಸಿ ಸಮಾಧಾನವಾಯಿತು.

ಲಾಲ್‌ಬಾಗ್ ರಸ್ತೆಯ ಎಂಟಿಆರ್‌ನಲ್ಲೂ ಕಾಯುವುದೇ ಮುಖ್ಯ ಐಟಮ್ಮು. 1924ರಲ್ಲಿ ಶುರುವಾದ ಹೋಟೆಲು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ರವೆಯಲ್ಲಿ ಇಡ್ಲಿ ಮಾಡಿ ರವೆ ಇಡ್ಲಿ ಹುಟ್ಟಿಸಿದ್ದು ತಾವೇ ಎನ್ನುತ್ತಾರೆ ಅವರು. ಹಿಟ್ಲರನಿಂದ ಮನುಷ್ಯಕುಲಕ್ಕೆ ಆದ ಏಕೈಕ ಉಪಕಾರ ಅದೇ ಇರಬೇಕು. ನನ್ನ ಷಡ್ಡಕರ ಮನೆ ಅಲ್ಲಿಂದ ನಡೆದು ಹೋಗುವಷ್ಟು ದೂರ. "ಯಾರ್ರೀ ಆ ಕ್ಯೂ ನಿಲ್ತಾರೆ" ಎಂದು ಇಪ್ಪತ್ತು ವರ್ಷ ಆ ಕಡೆ ತಲೆಹಾಕಿರಲಿಲ್ಲ. ಮಗಳನ್ನು ನೋಡಲು ಸಿಂಗಪುರಕ್ಕೆ ಹೋದವರು ಅಲ್ಲಿಯ ಎಂಟಿಆರ್ ಮುಂದೆ ಕ್ಯೂ ನಿಂತು ರವೆ ಇಡ್ಲಿ ತಿಂದು, ಫೋಟೋ ಕಳಿಸಿ, "ಊರು ನೆನಪಾಯ್ತು" ಎಂದು ಬರೆದರು. ಯಾವ ಊರು ಎಂದು ನಾನು ಕೇಳಲಿಲ್ಲ.

ಈ ಎದುರು ಕುರ್ಚಿಯನ್ನೇ ಕಿತ್ತುಹಾಕಿದ್ದು ದರ್ಶಿನಿಗಳು. ನಿಂತು ತಿನ್ನು, ಹೊರಡು. ಹಾಗೆಂದು ನಿಂತು ತಿನ್ನುವುದನ್ನೆಲ್ಲ ಹೀಗಳೆಯಲು ಬಾಯಿ ಬಾರದು. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದ ನಿಲ್ಲಿಸಿಯೇ ತಿನ್ನಿಸುತ್ತಿದೆ. ಇಡ್ಲಿ, ವಡೆ, ಖಾರಾಬಾತು, ಕೇಸರಿಬಾತು, ಕಾಫಿ ಟೀ, ಅಲ್ಲಿಗೆ ಪಟ್ಟಿ ಮುಗಿಯಿತು. ಸಾಂಬಾರು ಇಲ್ಲ, ಕೇಳಿದವರು ಹೊಸಬರು ಎಂದು ಗೊತ್ತಾಗುತ್ತದೆ. ಚಟ್ನಿ ಮಾತ್ರ ಎಷ್ಟು ಸಲ ತಟ್ಟೆ ಚಾಚಿದರೂ ಇಲ್ಲವೆನ್ನುವುದಿಲ್ಲ. ಫುಟ್‌ಪಾತಿನ ಅಂಚಿನಲ್ಲಿ ತಟ್ಟೆ ಹಿಡಿದು ನಿಂತಾಗ ಪಕ್ಕದವರ ಮೊಣಕೈ ತಾಗುತ್ತದೆ, ಅದೂ ಒಂದು ಪರಿಚಯವೇ.

ಈಗ ಮನೆ ಬಾಗಿಲಿಗೇ ದೋಸೆ ಬರುತ್ತದೆ. ಮೊನ್ನೆ ಮಳೆ ಬರುತ್ತಿತ್ತೆಂದು ನಾನೂ ತರಿಸಿದೆ, ಎಲ್ಲಿಂದ ಎಂದು ಹೇಳುವುದಿಲ್ಲ. ಡಬ್ಬಿ ತೆಗೆದರೆ ಒಳಗೆ ಹಿಂಡಿಟ್ಟ ಟವೆಲಿನಂಥದ್ದು ಮಲಗಿತ್ತು. ದೋಸೆಯ ತಪ್ಪಿಲ್ಲ. ಕಾವಲಿಯಿಂದ ಇಳಿದದ್ದು ಹಬೆ ಬಿಡುತ್ತಲೇ ಇರುತ್ತದೆ, ಮುಚ್ಚಳ ಹಾಕಿದರೆ ಆ ಹಬೆ ಮತ್ತೆ ನೀರಾಗಿ ಅದರ ಮೇಲೆಯೇ ಇಳಿಯುತ್ತದೆ, ಗರಿಯಾಗಿದ್ದದ್ದು ಅರ್ಧ ಗಂಟೆಯಲ್ಲಿ ಚರ್ಮವಾಗುತ್ತದೆ. ತಿಂದು ಮುಗಿಸುವುದರೊಳಗೆ ಐದಕ್ಕೆ ಎಷ್ಟು ಸ್ಟಾರ್ ಕೊಡುತ್ತೀರಿ ಎಂದು ಫೋನು ಕೇಳಿತು. ಹೋಟೆಲಿಗೆ ಹೋಗುತ್ತಿದ್ದುದರ ಒಂದು ದೊಡ್ಡ ಸುಖವೇ ಅದಾಗಿತ್ತು: ಹೇಗಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ಮನೆಯಲ್ಲಿ ಮೊದಲ ತುತ್ತಿಗೇ ತೀರ್ಪು ಕೊಡಬೇಕು, ಅದೂ ತೀರ್ಪು ಒಂದೇ ಇರುತ್ತದೆ.

ಅಪ್ಪ ಹೋಗಿ ವರ್ಷ ಕಳೆದಮೇಲೆ ಒಂದು ದಿನ ಅಮ್ಮನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಬರುವಾಗ ಆಟೋ ಗಾಂಧಿ ಬಜಾರಿನಲ್ಲಿ ನಿಂತಿತು, ನಿಲ್ಲಿಸಿದ್ದು ನಾನೇ. "ಬೇಡ ಕಣೋ, ಈ ವಯಸ್ಸಲ್ಲಿ ನನಗೆಂಥ ಹೋಟ್ಲು" ಎನ್ನುತ್ತಲೇ ಇಳಿದಳು. ಗಡಿಯಾರ ನೋಡುತ್ತಾ ತಿನ್ನುತ್ತಿದ್ದ ಒಬ್ಬರ ಹಿಂದೆ ನಿಂತೆವು. ಹತ್ತೇ ನಿಮಿಷದಲ್ಲಿ ಎದುರುಬದುರು ಕುರ್ಚಿ ಸಿಕ್ಕಿತು.

ದೋಸೆ ಬಂತು, ಚಟ್ನಿಯವನೂ ಬಂದ. ಅಮ್ಮ ಒಂದು ಅಂಚು ಮುರಿದು ಚಟ್ನಿಯಲ್ಲಿ ಅದ್ದಿ ಬಾಯಿಗಿಟ್ಟು, ಕಣ್ಣು ಮುಚ್ಚಿಕೊಂಡು ಅಗಿದಳು.

"ಚಟ್ನಿ ಹಾಗೇ ಇದೆ ಕಣೋ," ಎಂದಳು.

ನಾನು ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟೆ. "ಹಾಗೇ ಅಂದ್ರೆ? ನೀನು ಯಾವಾಗ ತಿಂದಿದ್ದೆ?"

ಅವಳಿಗೆ ಕೇಳಿಸಲಿಲ್ಲವೋ, ಕೇಳಿಸದ ಹಾಗೆ ಮಾಡಿದಳೋ. ಅವಳ ಕುರ್ಚಿಯ ಹಿಂದೆ ಎಂಟು ಒಂಬತ್ತು ವರ್ಷದ ಹುಡುಗನೊಬ್ಬ ಅವನಪ್ಪನ ಕೈ ಹಿಡಿದು ನಿಂತು, ಗೋಡೆ ನೋಡುವುದನ್ನು ಮರೆತು ಅವಳ ತಟ್ಟೆಯನ್ನೇ ನೋಡುತ್ತಿದ್ದ. ಅಮ್ಮ ತಿರುಗಿ, "ಇನ್ನು ಎರಡೇ ತುತ್ತು ಕಣಪ್ಪ" ಎಂದು ಅವನ ಗಲ್ಲ ಸವರಿ, ಆ ಎರಡು ತುತ್ತನ್ನೂ ನಿಧಾನವಾಗಿ ಮುಗಿಸಿ, ಸಪ್ಲೈಯರ ಕಡೆ ಎರಡು ಬೆರಳೆತ್ತಿದಳು.

"ಎರಡು ಕಾಫಿ."