ಒಂದು ಹಂದಿ, ಎರಡು ಬಾಣ: ಬೇಟೆಗಾರರ ನೀತಿಯ ತಾಂಬರಂ ಮೀಮಾಂಸೆ

ಕಿರಾತಾರ್ಜುನರ ಜಗಳದಲ್ಲಿ ಹೆಚ್ಚು ನೀತಿವಂತ ಯಾರೆಂಬುದನ್ನು ಪಂಡಿತರು ಇಂದಿಗೂ ಇತ್ಯರ್ಥ ಮಾಡಿಲ್ಲ. ಕಾರಣ ಸ್ಪಷ್ಟ: ಅವರಲ್ಲಿ ಯಾರೂ ಚೆನ್ನೈ ಬಳಿಯ ತಾಂಬರಂನಲ್ಲಿ ಬಾಡಿಗೆಗೆ ಇದ್ದವರಲ್ಲ. ಪಶ್ಚಿಮಕ್ಕೆ ಮಣಿಮಂಗಲದ ರಣರಂಗ, ದಕ್ಷಿಣಕ್ಕೆ ಅರ್ಜುನನ ತಪಸ್ಸಿನ ಬಂಡೆಯಿರುವ ಮಾಮಲ್ಲಪುರ, ಎರಡು ಸ್ಟೇಷನ್ ಆಚೆ ವಂಡಲೂರಿನ ಮೃಗಾಲಯ. ಇಷ್ಟು ಆಕರ ಸಾಮಗ್ರಿ ಒಂದೇ ಬುತ್ತಿಯ ದೂರದಲ್ಲಿ ಬೇರೆಲ್ಲಿ ಸಿಕ್ಕೀತು?

ಕಥೆ ಎಲ್ಲರಿಗೂ ಗೊತ್ತಿರುವುದರಿಂದ ವಿವರವಾಗಿ ಹೇಳುತ್ತೇನೆ. ಮೂಕನೆಂಬ ದಾನವ ಹಂದಿಯಾಗಿ ತಪೋನಿರತ ಅರ್ಜುನನ ಮೇಲೆ ನುಗ್ಗಿದ. ವನಪರ್ವದ ಪ್ರಕಾರ, ಬೇಡನ ವೇಷದ ಶಿವ ‘ಮೊದಲು ಗುರಿಯಿಟ್ಟವನು ನಾನು, ತಡೆ’ ಎಂದ. ಅರ್ಜುನ ಕೇಳಿಸಿಕೊಂಡೂ ಬಿಟ್ಟ. ಎರಡು ಬಾಣವೂ ಒಟ್ಟಿಗೇ ನಾಟಿದವು. ಆಮೇಲೆ ಬೇಟೆಯ ಧರ್ಮದ ಬಗ್ಗೆ ಪಾಠ ಹೇಳಿದವನು ಅರ್ಜುನನೇ! ತಪಸ್ಸಿಗೆ ಕೂತಲ್ಲೂ ಗಾಂಡೀವವನ್ನು ಕೈಯಳತೆಯಲ್ಲಿ ಇಟ್ಟುಕೊಂಡವನಿಗೆ ಒಂದು ಅಂಕ ಕಡಿತ. ಅತ್ತ ಶಿವನೋ, ಉಮೆಯನ್ನೂ ಸಾವಿರಾರು ಹೆಂಗಸರನ್ನೂ ಕಟ್ಟಿಕೊಂಡು ಬೇಟೆಗೆ ಹೊರಟವನು. ಸಾಕ್ಷಿಗಳೆಲ್ಲ ಮನೆಯವರೇ ಆದ ಮೊಕದ್ದಮೆಯನ್ನು ಯಾವ ಮುನ್ಸೀಫ ನಂಬುತ್ತಾನೆ?

ಭಾರವಿಯ ಕಾವ್ಯದಲ್ಲಿ ಸಂಗತಿ ಇನ್ನೂ ಹದಗೆಡುತ್ತದೆ. ಅಲ್ಲಿ ಶಿವನ ಬಾಣ ಹಂದಿಯನ್ನು ತೂರಿ ನೆಲ ಸೇರಿತು. ಉಳಿದ ತನ್ನ ಬಾಣವನ್ನು ತೆಗೆದುಕೊಳ್ಳಲು ಹೋದ ಅರ್ಜುನನಿಗೆ ಬೇಡರ ದೂತನೊಬ್ಬ ‘ಅದು ನಮ್ಮ ಒಡೆಯರದು’ ಎಂದ. ಸುಳ್ಳನ್ನು ಸ್ವಂತ ಬಾಯಿಂದ ಹೇಳದೆ ದೂತನಿಂದ ಹೇಳಿಸಿದ್ದು ಅನೀತಿಯೋ ಆಡಳಿತ ಕೌಶಲವೋ ಎಂಬಲ್ಲಿ ನನ್ನಲ್ಲೇ ಎರಡು ಪಂಗಡಗಳಿವೆ.

ಮೊದಲು ಗುರಿಯಿಟ್ಟವನದೇ ಬೇಟೆಯೆಂಬ ಸಿದ್ಧಾಂತವನ್ನು ತಾಂಬರಂ ಸ್ಟೇಷನ್ನಿನಲ್ಲಿ ಪ್ರಯೋಗಕ್ಕೆ ಒಡ್ಡಲಾಯಿತು. ಬೀಚ್ ಸ್ಟೇಷನ್ನಿಗೆ 1931ರಿಂದ ವಿದ್ಯುತ್ ರೈಲು ಓಡುತ್ತಿರುವ ಹಾದಿಯಿದು. ಖಾಲಿ ಗಾಡಿ ಬಂತು. ಒಬ್ಬ ಕಿಟಕಿಯಿಂದ ಸೀಟಿಗೆ ಕರ್ಚೀಫು ಎಸೆದ. ಅದೇ ಗಳಿಗೆಯಲ್ಲಿ ಆಚೆ ಬಾಗಿಲಿಂದ ಇನ್ನೊಬ್ಬನ ಊಟದ ಚೀಲ ಬಂದು ಬಿತ್ತು. ‘ನಾನ್‌ದಾನ್ ಮುದಲ್ಲ ಪೋಟ್ಟೇನ್’ (ಮೊದಲು ಹಾಕಿದ್ದು ನಾನೇ) ಎಂದು ಇಬ್ಬರೂ ಗರ್ಜಿಸಿದರು. ಧರ್ಮ, ನ್ಯಾಯ, ಮುಪ್ಪಿನ ತಾಯಿ, ಎಲ್ಲವೂ ಬಂದುಹೋದವು. ಕೊನೆಗೆ ಎದುರಾಳಿ ತನ್ನದೇ ಕಚೇರಿಯ ಹೊಸ ಮ್ಯಾನೇಜರೆಂದು ತಿಳಿದೊಡನೆ ಕರ್ಚೀಫಿನವನು ಅದೇ ಕರ್ಚೀಫಿನಿಂದ ಸೀಟು ಒರೆಸಿಕೊಟ್ಟ. ಅವನಿಗೆ ಮುಂದಿನ ವಾರದ ರಜೆ ಮಂಜೂರಾಯಿತೆಂದು ಕೇಳಿದ್ದೇನೆ. ಅರ್ಜುನನಿಗೆ ಶಿವನಿಂದ ಪಾಶುಪತಾಸ್ತ್ರ ಸಿಕ್ಕಿದ್ದೂ ಬಾಣ ಯಾರದೆಂಬುದು ತೀರ್ಮಾನವಾದ ಮೇಲಲ್ಲ, ಆ ಪ್ರಶ್ನೆಯನ್ನೇ ಕೈಬಿಟ್ಟ ಮೇಲೆ.

ಇಲ್ಲಿ ಇತಿಹಾಸವನ್ನು ಸ್ವಲ್ಪ ಎಳೆತರುವುದು ವಿದ್ವತ್ತಿಗೆ ಶೋಭೆ. ಬಾದಾಮಿ ಚಾಲುಕ್ಯರ ಲಾಂಛನ ವರಾಹ, ಪಲ್ಲವರದು ಶಿವನ ಎತ್ತು. 634ರ ಐಹೊಳೆ ಶಾಸನದಲ್ಲಿ ಇಮ್ಮಡಿ ಪುಲಕೇಶಿಯ ಕವಿ ರವಿಕೀರ್ತಿ ತನ್ನನ್ನು ಕಾಳಿದಾಸ, ಭಾರವಿಯರಿಗೆ ಹೋಲಿಸಿಕೊಂಡ. ಎಂದರೆ ಎತ್ತಿನ ಒಡೆಯ ಹಂದಿಗೆ ಹೊಡೆಯುವ ಕಾವ್ಯದ ಕೀರ್ತಿ ಬಾದಾಮಿಗೆ ಮುಟ್ಟಿತ್ತು. ಹಾಗಿದ್ದೂ ಹಂದಿ ಕಂಚಿಯತ್ತ ನುಗ್ಗಿತು. ಕೆಲವೇ ವರ್ಷಗಳಲ್ಲಿ ಮಣಿಮಂಗಲದಲ್ಲಿ ಪಲ್ಲವ ದೊರೆ ನರಸಿಂಹವರ್ಮನ ಬಾಣ ನಾಟಿತು. ಆಸ್ಥಾನದಲ್ಲಿ ಕವಿಯನ್ನು ಸಾಕುವುದು ಬೇರೆ, ಓದುವುದು ಬೇರೆ.

ಮಾಮಲ್ಲಪುರದ ಬಂಡೆಯಲ್ಲಿ ಕೈ ಮೇಲೆತ್ತಿ ತಪಸ್ಸು ಮಾಡುವ ಬೆಕ್ಕೊಂದಿದೆ, ಅದರ ಕಾಲಬುಡದಲ್ಲಿ ಇಲಿಗಳು. ಬಾಣವನ್ನೇ ಬಿಡದ ಈ ಮೂರನೆಯ ಬೇಟೆಗಾರನ ನೀತಿಯ ಮುಂದೆ ಉಳಿದಿಬ್ಬರೂ ಮಕ್ಕಳು.

ಅಂತಿಮ ಅಂಕ: ಅರ್ಜುನನಿಗೆ ಏಳು, ಶಿವನಿಗೆ ಏಳೂವರೆ. ಪರೀಕ್ಷೆಗೆ ಕೂತವನೇ ಪರೀಕ್ಷಕನೂ ಆದ್ದರಿಂದ ಆ ಅರ್ಧ ಅಂಕ ಅನಿವಾರ್ಯ. ಇನ್ನೊಂದು ಸಣ್ಣ ತೊಡಕಿದೆ. ಸಾಯುವಾಗ ಹಂದಿ ತನ್ನ ರಾಕ್ಷಸರೂಪಕ್ಕೆ ಮರಳಿತೆಂದು ವ್ಯಾಸರು ಹೇಳಿಬಿಟ್ಟಿದ್ದಾರೆ. ಅಂದರೆ ಜಗಳ ಶುರುವಾಗುವ ಹೊತ್ತಿಗೆ ಅಲ್ಲಿ ಹಂದಿಯೇ ಇರಲಿಲ್ಲ. ಇದು ನನ್ನ ಶೀರ್ಷಿಕೆಗೇ ಬಾಧಕವಾದ್ದರಿಂದ ಎರಡನೆಯ ಸಂಪುಟಕ್ಕೆ ತೆಗೆದಿಟ್ಟಿದ್ದೇನೆ.